ಅಪ್‌ಡೇಟ್: ಸಸಾಂಕ್ವಾ ಕಮೀಲಿಯಾ ಎಲೆ ಹಳದಿಯಾಗಲು ಕಾರಣ ಸಿಕ್ಕಿತು

ಅಟ್ಲಾಂಟಾದ ನಮ್ಮ ಮನೆಯಂಗಳದ ಸಸಾಂಕ್ವಾ (ಹೂವಿಗಾಗಿ ಬೆಳೆಸುವ ಒಂದು ಬಗೆಯ ಕಮೀಲಿಯಾ) ಗಿಡದಲ್ಲಿ ಎಲೆ ಮೇಲೆ ಹಳದಿ ಮಚ್ಚೆ, ಮೊಗ್ಗು ಅರಳುವ ಮೊದಲೇ ಉದುರುತ್ತಿದೆ, ಏಕೆ ಎಂದು ಹಿಂದೆ ಇಲ್ಲಿ ಕೇಳಿದ್ದೆ. "ಎಲೆ ತಿರುಗಿಸಿ ನೋಡಿ" ಅಂದವರ ಮಾತೇ ಸರಿ, ಅವರಿಗೆ ತುಂಬಾ ಧನ್ಯವಾದ.

ಎಲೆಯಡಿ ಹತ್ತಿಯಂಥ ಬಿಳಿ ಎಳೆ, ನಡುವೆ ಉದ್ದುದ್ದ ಕಂದು ಚುಕ್ಕೆ: ಟೀ ಸ್ಕೇಲ್, ಅಂದರೆ ಎಲೆಗೆ ಅಂಟಿಕೊಂಡು ರಸ ಹೀರುವ ಚಿಪ್ಪು ಕೀಟ. ಚಹಾ ಗಿಡವೂ ಕಮೀಲಿಯಾವೇ ಆದ್ದರಿಂದ ಎರಡಕ್ಕೂ ಇದರ ಕಾಟ. ಕಬ್ಬಿಣದ ಕೊರತೆಯಾಗಿದ್ದರೆ ಎಳೆ ಎಲೆಯಲ್ಲಿ ನರ ಹಸಿರಾಗೇ ಉಳಿದು ನಡುವಿನ ಭಾಗ ಹಳದಿಯಾಗುತ್ತಿತ್ತು. ಮಣ್ಣಿನ ಪಿಎಚ್ (ಹುಳಿ ಗುಣದ ಅಳತೆ) 5.8 ಬಂದಿದೆ, ಕಮೀಲಿಯಾಗೆ ಬೇಕಾದಷ್ಟು ಹುಳಿ ಇದೆ, ಅದನ್ನು ಹೆಚ್ಚಿಸಲು ಗಂಧಕ ಬೇಕಿಲ್ಲ.

ಕಳೆದ ಸಲದ ಹೂವು ಮುಗಿದ ಮೇಲೆ ಒಳಗಿನ ಒತ್ತೊತ್ತು ಕೊಂಬೆ ಸವರಿ, ಲೀಟರ್ ನೀರಿಗೆ 20 ಮಿ.ಲೀ. ಹಾರ್ಟಿಕಲ್ಚರಲ್ ಆಯಿಲ್ (ಗಿಡದ ಕೀಟಕ್ಕೆ ಸಿಂಪಡಿಸುವ ಎಣ್ಣೆ) ಬೆರೆಸಿ ಸಿಂಪಡಿಸಿದೆ. ನಳಿಕೆ ಕೆಳಗಿನಿಂದ ಮೇಲಕ್ಕೆ ಹಿಡಿಯಬೇಕು. ಎಣ್ಣೆ ತಗುಲಿದ ಕೀಟ ಮಾತ್ರ ಉಸಿರುಕಟ್ಟಿ ಸಾಯುತ್ತದೆ. ಹಿಮ ಬೀಳುವಾಗ, 30 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಲಲ್ಲಿ ಬೇಡ, ಎಲೆ ಸುಡುತ್ತದೆ. ಸತ್ತ ಕೀಟದ ಚಿಪ್ಪು ತಿಂಗಳುಗಟ್ಟಲೆ ಅಂಟಿಕೊಂಡೇ ಇರುತ್ತದೆ, ಹಾಗಾಗಿ ಹೊಸ ಚಿಗುರು ಶುದ್ಧವಾಗಿದೆಯೇ ಅಂತ ನೋಡಿ. ನಮ್ಮಲ್ಲಿ ಶುದ್ಧವಾಗಿದೆ.

ಮೊಗ್ಗು ಉದುರುವುದಕ್ಕೆ ಮುಖ್ಯ ಕಾರಣ ಆಗಸ್ಟ್–ಸೆಪ್ಟೆಂಬರಿನ ಒಣ ಮಣ್ಣು. ಈಗ ಬುಡದಿಂದ ನಾಲ್ಕು ಬೆರಳು ಬಿಟ್ಟು ಎರಡು-ಮೂರು ಇಂಚು ಪೈನ್ ಎಲೆ ಹೊದಿಕೆ, ಮಳೆಯಿಲ್ಲದ ವಾರ ಆಳಕ್ಕಿಳಿಯುವಂತೆ ನೀರು. ಜುಲೈ ನಂತರ ಕತ್ತರಿ ಮುಟ್ಟಿಸಿಲ್ಲ. ಆಗ ಕತ್ತರಿಸಿದರೆ ಹೋಗುವುದು ಮೊಗ್ಗೇ. ಈ ಸಲ ಅಕ್ಟೋಬರ್ ಕೊನೆಗೆ ಹೂವು ಶುರುವಾಗಿ ಇನ್ನೂ ಬಿಡುತ್ತಿದೆ.