ಸಹಾಯ ಬೇಕು: ಫಿಕ್ಸೆಡ್ ಗೇರ್ ಸೈಕಲ್‌ನ ಹಿಂದಿನ ಸ್ಪ್ರಾಕೆಟ್ ಜಾರುತ್ತಿದೆ (ಮಂಗಳೂರು)

ಎಲ್ಲರಿಗೂ ನಮಸ್ಕಾರ. ನನ್ನದು ಫಿಕ್ಸೆಡ್ ಗೇರ್ ಸೈಕಲ್, ಅಂದರೆ ಚಕ್ರ ತಿರುಗುವಷ್ಟು ಹೊತ್ತೂ ಪೆಡಲ್ ತಿರುಗುತ್ತಲೇ ಇರುತ್ತದೆ, ಪೆಡಲನ್ನು ಹಿಂದಕ್ಕೆ ಒತ್ತಿ ವೇಗ ತಗ್ಗಿಸಬಹುದು. ಲೈಟ್‌ಹೌಸ್ ಹಿಲ್ ಇಳಿಯುವಾಗ ಪೆಡಲನ್ನು ಹಿಂದಕ್ಕೆ ಒತ್ತಿ ಹಿಡಿದರೆ ಹಿಂದಿನ ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಚಕ್ರ) ‘ಟಕ್’ ಅಂತ ಸ್ವಲ್ಪ ತಿರುಗಿಬಿಡುತ್ತದೆ. ಚೈನ್ ಸರಿಯಾಗಿದೆ, ನಡುವೆ ಒತ್ತಿದರೆ ಸುಮಾರು ಒಂದು ಸೆಂ.ಮೀ. ಆಡುತ್ತದೆ. ಆಕ್ಸಲ್ ನಟ್ಟುಗಳೂ ಬಿಗಿ.

ಸ್ಪ್ರಾಕೆಟ್ ಬಿಚ್ಚಿಕೊಳ್ಳದಂತೆ ಹಿಡಿಯುವ ಲಾಕ್‌ರಿಂಗ್ ಬಿಚ್ಚಿ ನೋಡಿದಾಗ ಕಾರಣ ಕಂಡಿತು. ಹಬ್‌ನಲ್ಲಿ (ಚಕ್ರದ ನಡುವಿನ ಭಾಗ) ಅದು ಕೂರುವ ಉಲ್ಟಾ ಥ್ರೆಡ್ ಸವೆದು ಚಪ್ಪಟೆಯಾಗಿದೆ, ಗ್ರೀಸ್ ತುಂಬ ಅಲ್ಯೂಮಿನಿಯಂ ಪುಡಿ ಮಿನುಗುತ್ತಿದೆ. ಸ್ಪ್ರಾಕೆಟ್ ಕೂರುವ ದೊಡ್ಡ ಥ್ರೆಡ್ ಮಾತ್ರ ಚೆನ್ನಾಗಿದೆ. ಲಾಕ್‌ರಿಂಗ್ ಹಿಡಿಯದಿದ್ದರೆ ಹಿಂದೊತ್ತುವಾಗ ಸ್ಪ್ರಾಕೆಟ್ ಬಿಚ್ಚಿಕೊಳ್ಳುವುದು ಸಹಜ. ಥ್ರೆಡ್‌ಲಾಕ್ ಅಂಟು ಹಚ್ಚಿ ಓಡಿಸುವುದು ಬೇಡವೇ ಬೇಡ. ಮುಂದಿನ ಬ್ರೇಕ್ ಇಲ್ಲದವರಂತೂ ಈ ಸ್ಥಿತಿಯಲ್ಲಿ ರಸ್ತೆಗೆ ಇಳಿಯಲೇಬಾರದು.

ಬೇಕಾಗಿರುವುದು: 120 ಮಿ.ಮೀ. ಅಗಲದ, ಕಡ್ಡಿಗಳಿಗೆ 32 ತೂತಿರುವ ಟ್ರ್ಯಾಕ್ ಹಬ್ (ಫಿಕ್ಸೆಡ್ ಗೇರ್‌ನ ಹಬ್). ಮಂಗಳೂರು ಅಥವಾ ಉಡುಪಿಯಲ್ಲಿ ಎಲ್ಲಿ ಸಿಗುತ್ತದೆ? ಚಕ್ರ ಹೊಸದಾಗಿ ಕಟ್ಟಿ ಟ್ರೂ ಮಾಡುವ (ಓಲಾಡದಂತೆ ನೇರ ಮಾಡುವ) ಒಳ್ಳೆಯ ಕೈ ಯಾರದ್ದು? ಸ್ಪ್ರಾಕೆಟ್ ಬಿಚ್ಚುವ ಚೈನ್‌ವಿಪ್, ಲಾಕ್‌ರಿಂಗ್‌ನ ಕೊಕ್ಕೆ ಸ್ಪ್ಯಾನರ್ ಒಂದು ದಿನಕ್ಕೆ ಕೊಡುವವರಿದ್ದೀರಾ?

ಜೊತೆಗೆ 17 ಹಲ್ಲಿನ ಸ್ಪ್ರಾಕೆಟ್ ಇದ್ದರೂ ತಿಳಿಸಿ. ಈಗಿರುವುದು 46/16 (ಮುಂದೆ 46, ಹಿಂದೆ 16 ಹಲ್ಲು), ಒಂದೇ ಕಾಲು ಮುಂದಿಟ್ಟು ಸ್ಕಿಡ್ ಮಾಡಿದರೆ (ಪೆಡಲ್ ತಡೆದು ಹಿಂದಿನ ಚಕ್ರ ಜಾರಿಸಿದರೆ) ಟೈರ್ ಎಂಟೇ ಕಡೆ ಸವೆಯುತ್ತದೆ. 17 ಹಾಕಿದರೆ ಹದಿನೇಳು ಕಡೆ ಹಂಚಿಹೋಗುತ್ತದೆ, ಕದ್ರಿ ಏರೂ ತುಸು ಹಗುರ.