ಬೇರೆ ಬೇರೆ ಇಆರ್‌ಪಿಗಳ ನಡುವೆ ಪಿಒ, ಚಲನ್, ಜಿಆರ್‌ಎನ್ ವಿನಿಮಯ: ಮಾನಕ ಸಮಿತಿ ಕಟ್ಟುವುದು ಹೇಗೆ?

ಪೀಣ್ಯ_ಎರಡನೇ_ಹಂತ:

ಎಲ್ಲರಿಗೂ ನಮಸ್ಕಾರ. ಯಂತ್ರಭಾಗ ತಯಾರಿಸುವ ನಾಲ್ಕು ಘಟಕಗಳು, ಅವಕ್ಕೆ ಇಆರ್‌ಪಿ (ಖರೀದಿ, ದಾಸ್ತಾನು, ಲೆಕ್ಕ ಎಲ್ಲ ನೋಡುವ ಸಾಫ್ಟ್‌ವೇರ್) ಕೊಡುವ ಎರಡು ಸಾಫ್ಟ್‌ವೇರ್ ಕಂಪನಿಗಳು ಸೇರಿ ಒಂದು ಮಾನಕ ಸಮಿತಿ ಮಾಡಬೇಕೆಂದಿದ್ದೇವೆ. ಈಗ ಪಿಒ (ಖರೀದಿ ಆದೇಶ) ಪಿಡಿಎಫ್ ಆಗಿ ಮೇಲ್‌ನಲ್ಲಿ ಬರುತ್ತದೆ, ಸ್ಟೋರ್ಸ್‌ನವರು ಅದನ್ನು ನೋಡಿಕೊಂಡು ಮತ್ತೆ ಟೈಪ್ ಮಾಡುತ್ತಾರೆ. ಪಿಒ, ಡೆಲಿವರಿ ಶೆಡ್ಯೂಲ್, ಜಾಬ್‌ವರ್ಕ್ ಚಲನ್ (ಕೆಲಸ ಮಾಡಿಸಲು ಹೊರಗೆ ಕಳಿಸುವ ಸರಕಿನ ಚೀಟಿ), ಜಿಆರ್‌ಎನ್ (ಸರಕು ಬಂದದ್ದಕ್ಕೆ ರಸೀದಿ), ರಿಜೆಕ್ಷನ್ ಡೆಬಿಟ್ ನೋಟ್ (ತಿರಸ್ಕರಿಸಿದ ಸರಕಿನ ಹಣ ಕಡಿತದ ಚೀಟಿ) ಇಷ್ಟೂ ಒಂದು ಸಿಸ್ಟಮ್‌ನಿಂದ ಇನ್ನೊಂದಕ್ಕೆ ನೇರವಾಗಿ ಹೋಗಬೇಕು.

ಇದನ್ನು ಓಯಸಿಸ್ ಥರದ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ ಕೆಳಗೆ ಮಾಡಬೇಕೋ, ಬಿಐಎಸ್‌ಗೆ (ಭಾರತೀಯ ಮಾನಕ ಬ್ಯೂರೋ) ಹೋಗಬೇಕೋ, ನಾವೇ ಒಂದು ಸಂಘ ಕಟ್ಟಬೇಕೋ? ಚಾರ್ಟರ್‌ನಲ್ಲಿ (ಸಮಿತಿಯ ಉದ್ದೇಶ, ನಿಯಮ ಬರೆದಿಡುವ ಪತ್ರ) ಏನೇನಿರಬೇಕು? ಐದೂ ದಾಖಲೆಗಳನ್ನು ಒಟ್ಟಿಗೇ ಕೈಗೆತ್ತಿಕೊಳ್ಳಬಹುದಾ?

ಸಂದೇಶ_ಪದರ:

ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ಬೇಡ. ಓಯಸಿಸ್‌ನ ಯುಬಿಎಲ್, ಅಂದರೆ ವ್ಯಾಪಾರ ದಾಖಲೆಗಳ ಎಕ್ಸ್‌ಎಂಎಲ್ ಮಾನಕ, ಹೇಗೆ ಬೆಳೆಯಿತು ನೋಡಿ. 2004ರ ಮೊದಲ ಆವೃತ್ತಿಯಲ್ಲಿ ಇದ್ದದ್ದು ಎಂಟೇ ದಾಖಲೆ: ಆರ್ಡರ್, ಅದಕ್ಕೆ ಎರಡು ಬಗೆಯ ಉತ್ತರ, ಬದಲಾವಣೆ, ರದ್ದತಿ, ಸರಕು ರವಾನೆಯ ಸೂಚನೆ, ಸರಕು ತಲುಪಿದ ಸೂಚನೆ, ಇನ್ವಾಯ್ಸ್. 2.0ರಲ್ಲಿ 31 ಆಯಿತು, 2013ರ 2.1ರಲ್ಲಿ 65. ಅದೂ ಸೊನ್ನೆಯಿಂದ ಶುರು ಮಾಡಿದ್ದಲ್ಲ, ಮೊದಲೇ ಬಳಕೆಯಲ್ಲಿದ್ದ ಎಕ್ಸ್‌ಸಿಬಿಎಲ್ 3.0 ಎಂಬ ಫಾರ್ಮ್ಯಾಟನ್ನು ಇಟ್ಟುಕೊಂಡು ಕಟ್ಟಿದ್ದು. ನೀವೂ ಹೊಸ ಫಾರ್ಮ್ಯಾಟ್ ಕಂಡುಹಿಡಿಯಲು ಹೋಗಬೇಡಿ. ಯುಬಿಎಲ್ 2.1 ಈಗ ಐಎಸ್‌ಒ/ಐಇಸಿ 19845:2015 ಕೂಡ ಹೌದು. ಅದರಲ್ಲಿ ನಿಮಗೆ ಬೇಕಾದ ಫೀಲ್ಡ್‌ಗಳಷ್ಟನ್ನೇ ಆರಿಸಿ, ನಿಮ್ಮ ನಿಯಮಗಳನ್ನು ಬರೆದು ಒಂದು ಪ್ರೊಫೈಲ್ ಮಾಡಿ. ಪಿಒ ಮತ್ತು ಜಿಆರ್‌ಎನ್ ಎರಡರಿಂದ ಶುರು ಮಾಡಿದರೆ ಸಾಕು. ಜಿಆರ್‌ಎನ್‌ಗೆ ಅಲ್ಲಿ ರಿಸೀಟ್ ಅಡ್ವೈಸ್ (ಸರಕು ತಲುಪಿದ ಸೂಚನೆ) ಇದೆ. ಬಂದ ಪ್ರಮಾಣ, ಕಡಿಮೆ ಬಿದ್ದ ಪ್ರಮಾಣ, ತಿರಸ್ಕರಿಸಿದ ಪ್ರಮಾಣ, ತಿರಸ್ಕಾರದ ಕಾರಣದ ಕೋಡ್ ಎಲ್ಲಕ್ಕೂ ಜಾಗ ಇದೆ.

ಎಲ್ಲಿ ಮಾಡಬೇಕು ಅನ್ನುವುದಕ್ಕೆ: ಆರು ಸಂಸ್ಥೆಗಳ ಪ್ರೊಫೈಲ್‌ಗೆ ಓಯಸಿಸ್ ಸಮಿತಿ ಭಾರವಾಯಿತು. ಬಿಐಎಸ್‌ನ ದಾರಿ ರಾಷ್ಟ್ರೀಯ ಮಾನಕಕ್ಕೆ. ಅಲ್ಲಿ ತಯಾರಕರು, ಬಳಕೆದಾರರು, ಸರ್ಕಾರ, ಪ್ರಯೋಗಾಲಯ ಎಲ್ಲರ ಪ್ರತಿನಿಧಿಗಳಿರುವ ಸಮಿತಿಯಲ್ಲಿ ಕರಡು ಚರ್ಚೆಯಾಗಿ, ಸಾರ್ವಜನಿಕ ಅಭಿಪ್ರಾಯಕ್ಕೆ ಹೋಗಿ ಬರಬೇಕು. ನಿಮ್ಮ ಪ್ರೊಫೈಲ್ ಕೆಲವು ಕಡೆ ಓಡಿ ತೋರಿಸಿದ ಮೇಲೆ ಅಲ್ಲಿಗೆ ಒಯ್ದರೆ ಮಾತಿಗೆ ತೂಕ ಇರುತ್ತದೆ. ಸದ್ಯಕ್ಕೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಕೆಳಗೆ ಒಂದು ಸಂಘ ಸಾಕು, ಅದಕ್ಕೆ ಕನಿಷ್ಠ ಏಳು ಜನ ಸಹಿ ಹಾಕಬೇಕು.

ಆದರೆ ಸಂಘ ನಿಮ್ಮದೇ ಆದರೂ ನಿಯಮಾವಳಿಯನ್ನು ಓಯಸಿಸ್‌ನಿಂದ ಎರವಲು ಪಡೆಯಿರಿ. ಅಲ್ಲಿ ಚಾರ್ಟರ್‌ನಲ್ಲಿ ಹೆಸರು, ಉದ್ದೇಶ, ವ್ಯಾಪ್ತಿ, ಹೊರಬರುವ ದಾಖಲೆಗಳ ಪಟ್ಟಿ, ಬೌದ್ಧಿಕ ಆಸ್ತಿಯ ನಿಯಮ, ಯಾರಿಗಾಗಿ ಈ ಕೆಲಸ, ಯಾವ ಭಾಷೆಯಲ್ಲಿ ವ್ಯವಹಾರ ಇವೆಲ್ಲ ಕಡ್ಡಾಯ. ಇವುಗಳಲ್ಲಿ ಜೀವಾಳ ಇರುವುದು ವ್ಯಾಪ್ತಿಯಲ್ಲಿ. ಸಮಿತಿ ಶುರುವಾದ ಮೇಲೆ ವ್ಯಾಪ್ತಿಯನ್ನು ಕಿರಿದು ಮಾಡುವುದು ಸುಲಭ, ಹಿಗ್ಗಿಸಬೇಕಾದರೆ ಹೊಸದಾಗಿ ಚಾರ್ಟರ್ ಬರೆಯಬೇಕು. "ಏನು ಮಾಡುವುದಿಲ್ಲ" ಅನ್ನುವುದನ್ನೂ ಬರೆದಿಡಿ: ಫೈಲ್ ಸಾಗಿಸುವ ಪ್ರೋಟೋಕಾಲ್ ಮಾಡುವುದಿಲ್ಲ (ಎಎಸ್2, ಎಎಸ್4 ಈಗಾಗಲೇ ಇವೆ), ಪಾವತಿ ಮುಟ್ಟುವುದಿಲ್ಲ, ಡ್ರಾಯಿಂಗ್ ಫೈಲ್ ಮುಟ್ಟುವುದಿಲ್ಲ. ಈ ಸಾಲುಗಳಿಲ್ಲದ ಸಮಿತಿಯಲ್ಲಿ ಪ್ರತಿ ಸಭೆಗೂ ಯಾರೋ ಒಬ್ಬರು ಹೊಸ ಆಸೆ ತರುತ್ತಾರೆ.

ಮತದಾನಕ್ಕೂ ಅಲ್ಲಿನ ಕಟ್ಟುನಿಟ್ಟೇ ಒಳ್ಳೆಯದು. ಸತತ ಎರಡು ಸಭೆ ತಪ್ಪಿಸಿದವರ ಮತದ ಹಕ್ಕು ಹೋಗುತ್ತದೆ, ಸತತ ಎರಡಕ್ಕೆ ಬಂದರೆ ಮರಳುತ್ತದೆ. ಇದಿಲ್ಲದಿದ್ದರೆ ಹಾಜರಾಗದ ಸದಸ್ಯರ ಲೆಕ್ಕದಲ್ಲೇ ಕೋರಂ ಬೀಳುತ್ತದೆ. ಸಮಿತಿಯ ಸ್ಪೆಸಿಫಿಕೇಶನ್ ಒಪ್ಪಲು ಮೂರನೇ ಎರಡು ಭಾಗ ಪರವಾಗಿರಬೇಕು, ವಿರೋಧ ಕಾಲು ಭಾಗ ದಾಟಬಾರದು. ಅಧ್ಯಕ್ಷರು ಸಾಫ್ಟ್‌ವೇರ್ ಕಡೆಯವರು ಆಗದಿರಲಿ. ಖರೀದಿ ಅಥವಾ ಸ್ಟೋರ್ಸ್ ನೋಡುವವರು ಅಧ್ಯಕ್ಷರಾಗಲಿ, ಸಂಪಾದಕರು ಸಾಫ್ಟ್‌ವೇರ್ ಕಡೆಯಿಂದ ಬರಲಿ.

ನೂರಕ್ಕೆ_ದರ:

ಮೇಲಿನ ಉತ್ತರ ಪೂರ್ತಿ ಒಪ್ಪುತ್ತೇನೆ. ಆದರೆ ಸಮಿತಿಯ ಮೊದಲ ಎರಡು ತಿಂಗಳು ಎಕ್ಸ್‌ಎಂಎಲ್, ಜೆಸನ್ ಥರದ ಫೈಲ್ ಫಾರ್ಮ್ಯಾಟ್‌ಗಳ ಮಾತೇ ಬರಬಾರದು ಅಂತ ಸೇರಿಸುತ್ತೇನೆ. ಯುರೋಪಿನವರು ಇ-ಇನ್ವಾಯ್ಸ್‌ಗೆ 2017ರಲ್ಲಿ ಇಎನ್ 16931 ಮಾನಕ ತಂದಾಗ ಮಾಡಿದ್ದು ಇದನ್ನೇ. ಮೊದಲು ಅರ್ಥದ ಮಾದರಿ, ಪ್ರತಿ ವ್ಯವಹಾರ ಪದಕ್ಕೂ ಒಂದು ಸಂಖ್ಯೆ: ಬಿಟಿ-1 ಇನ್ವಾಯ್ಸ್ ನಂಬರ್, ಬಿಟಿ-2 ದಿನಾಂಕ, ಹೀಗೆ. ಅದನ್ನು ಯುಬಿಎಲ್‌ನಲ್ಲಿ ಹೇಗೆ ಬರೆಯುವುದು, ಸಿಐಐ ಎಂಬ ಇನ್ನೊಂದು ಫಾರ್ಮ್ಯಾಟ್‌ನಲ್ಲಿ ಹೇಗೆ ಬರೆಯುವುದು ಅನ್ನುವುದು ಬೇರೆ ದಾಖಲೆ.

ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ಫೈಲ್ ಸರಿಯಾಗಿ ಹೋಗಿ ಲೆಕ್ಕ ತಪ್ಪಾಗುವುದೇ ಹೆಚ್ಚು ಅಪಾಯ. ಬೋಲ್ಟ್ ಖರೀದಿ ತಗೊಳ್ಳಿ. 2,500 ಬೋಲ್ಟ್, ದರ ನೂರಕ್ಕೆ ₹342.75. ಸರಿಯಾದ ಮೊತ್ತ ₹8,568.75. ಯುಬಿಎಲ್‌ನಲ್ಲಿ ದರದ ಜೊತೆಗೆ 'ಇಷ್ಟು ಪ್ರಮಾಣಕ್ಕೆ ಈ ದರ' ಅಂತ ಬರೆಯುವ ಬೇಸ್ ಕ್ವಾಂಟಿಟಿ ಅನ್ನುವ ಫೀಲ್ಡ್ ಇದೆ, ಇಎನ್ 16931ರಲ್ಲಿ ಅದು ಬಿಟಿ-149. ಅದು ಕಡ್ಡಾಯವಲ್ಲ. ಕಳಿಸುವವರು 100 ಅಂತ ಹಾಕಿದ್ದಾರೆ, ಪಡೆಯುವ ಸಾಫ್ಟ್‌ವೇರ್ ಆ ಫೀಲ್ಡನ್ನು ಓದುವುದೇ ಇಲ್ಲ ಅಂದರೆ ಮೊತ್ತ ₹8,56,875 ಆಗುತ್ತದೆ. ಇದು ಬೇಗ ಕಣ್ಣಿಗೆ ಬೀಳುತ್ತದೆ. ಕಣ್ಣಿಗೆ ಬೀಳದ ತಪ್ಪು ಇನ್ನೊಂದು. ಯಾರೋ ದರವನ್ನು ಒಂದಕ್ಕೆ ಇಳಿಸಿ 3.4275 ಅನ್ನು 3.43 ಮಾಡುತ್ತಾರೆ, ಮೊತ್ತ ₹8,575. ₹6.25 ವ್ಯತ್ಯಾಸ, ಬಿಲ್ ಪಾಸಿಂಗ್‌ನಲ್ಲಿ ನಿಲ್ಲುತ್ತದೆ.

ಇದೇ ಬಿಲ್ ಜಿಎಸ್‌ಟಿ ಇ-ಇನ್ವಾಯ್ಸ್‌ಗೂ ಹೋಗಬೇಕಲ್ಲ, ಅಲ್ಲಿ ದರಕ್ಕೆ ಮೂರೇ ದಶಮಾಂಶ. 3.428 ಹಾಕಿದರೂ ₹8,570 ಆಗಿ ₹1.25 ಹೆಚ್ಚಾಗುತ್ತದೆ. ಸರಿಯಾದ ದಾರಿ ಏಕಮಾನವನ್ನೇ ಸಾವಿರಕ್ಕೆ ಬದಲಿಸುವುದು: ಟಿಎಚ್‌ಡಿ ಕೋಡ್, ಪ್ರಮಾಣ 2.5, ದರ 3,427.50. ಮೊತ್ತ ಸರಿಯಾಗಿ ₹8,568.75. ಇಂಥ ನಿಯಮವೇ ಸಮಿತಿ ಬರೆಯಬೇಕಾದದ್ದು.

ಏಕಮಾನಗಳ ಕೋಷ್ಟಕವನ್ನು ಮೊದಲ ದಿನವೇ ಶುರು ಮಾಡಿ. ಯುಬಿಎಲ್‌ನಲ್ಲಿ ವಿಶ್ವಸಂಸ್ಥೆಯ ಶಿಫಾರಸು 20ರ ಕೋಡ್‌ಗಳನ್ನು ಬಳಸುತ್ತಾರೆ: ಕಿಲೋಗೆ ಕೆಜಿಎಂ, ಒಂದು ನಗಕ್ಕೆ ಸಿ62 ಅಥವಾ ಎಚ್87. ಜಿಎಸ್‌ಟಿಯಲ್ಲಿ ಕೆಜಿಎಸ್, ಎನ್‌ಒಎಸ್, ಪಿಸಿಎಸ್. ನಿಮ್ಮ ಇಆರ್‌ಪಿಗಳಲ್ಲಿ 'ನಗ', 'ಸೆಟ್', 'ಜೋಡಿ' ಅಂತ ಕೈಯಲ್ಲಿ ಹಾಕಿದ್ದು ಏನೇನಿದೆಯೋ. ಎಡಗಡೆ ಒಳಗಿನ ಹೆಸರು, ನಡುವೆ ಶಿಫಾರಸು 20, ಬಲಗಡೆ ಜಿಎಸ್‌ಟಿ. ಪಟ್ಟಿಯಲ್ಲಿಲ್ಲದ್ದು ಬಂದರೆ ಫೈಲ್ ತಿರಸ್ಕಾರವಾಗಬೇಕು, ಸಾಫ್ಟ್‌ವೇರ್ ತಾನೇ ಊಹೆ ಮಾಡಿ ತುಂಬಬಾರದು.

ಕರಡು_ಓದುಗ:

ಇಬ್ಬರೂ ಬಿಡಿಸಿ ಹೇಳದ ಎರಡು ವಿಷಯ.

ನೀವು ನಾಲ್ಕು ತಯಾರಕರು ಒಬ್ಬರಿಗೊಬ್ಬರು ಪೈಪೋಟಿಯವರೇ ಆಗಿದ್ದರೆ, ಸಭೆಯಲ್ಲಿ ದರ, ರಿಯಾಯಿತಿ, ಯಾವ ಗ್ರಾಹಕ ಯಾರಿಗೆ ಅನ್ನುವ ಮಾತು ಬಂದರೂ ಸ್ಪರ್ಧಾ ಕಾಯ್ದೆ 2002ರ 3ನೇ ಕಲಮಿನ (ಪೈಪೋಟಿ ಕೆಡಿಸುವ ಒಪ್ಪಂದಗಳ ನಿಷೇಧ) ತೊಂದರೆ ಬರಬಹುದು. ಪ್ರತಿ ಸಭೆಯ ಆರಂಭದಲ್ಲಿ ಈ ನಿಯಮ ಓದಿ, ಓದಿದ್ದನ್ನು ನಡಾವಳಿಯಲ್ಲಿ ಬರೆಯಿರಿ. ಮಾದರಿ ಫೈಲ್‌ಗಳಲ್ಲಿ ನಿಜವಾದ ದರ ಬಳಸಬೇಡಿ.

ಬೌದ್ಧಿಕ ಆಸ್ತಿಯ ನಿಯಮವನ್ನು ಮೊದಲ ಸಭೆಗೂ ಮುಂಚೆ ಸಹಿ ಮಾಡಿಸಿ. ಸಾಫ್ಟ್‌ವೇರ್ ಕಂಪನಿಯೊಂದು ತನ್ನ ಎಕ್ಸ್‌ಪೋರ್ಟ್ ಫಾರ್ಮ್ಯಾಟನ್ನು 'ಇದನ್ನೇ ಬಳಸಿ' ಅಂತ ಕೊಡುತ್ತದೆ, ಆರು ತಿಂಗಳಾದ ಮೇಲೆ ಪೇಟೆಂಟ್ ಅಥವಾ ಕಾಪಿರೈಟ್ ಪ್ರಶ್ನೆ ಬರುತ್ತದೆ. ಓಯಸಿಸ್‌ನಲ್ಲಿ ಈ ಆಯ್ಕೆ ಚಾರ್ಟರ್‌ನಲ್ಲೇ ಇರಬೇಕು, ನಡುವೆ ಬದಲಿಸಲು ಬರುವುದಿಲ್ಲ. ನಿಮಗೆ ಶುಲ್ಕವಿಲ್ಲದ, ಹಕ್ಕು ಚಲಾಯಿಸುವುದಿಲ್ಲ ಎಂಬ ಒಪ್ಪಂದವೇ ಸರಿ.

ಪೀಣ್ಯ_ಎರಡನೇ_ಹಂತ:

ಎಲ್ಲರಿಗೂ ತುಂಬಾ ಧನ್ಯವಾದ. ಪಿಒ, ಜಿಆರ್‌ಎನ್ ಮೊದಲು ಅಂತ ಬರೆಯುತ್ತೇವೆ. ಆದರೆ ಇಲ್ಲಿ ನಿಜವಾದ ತಲೆನೋವು ಜಾಬ್‌ವರ್ಕ್ ಚಲನ್. ಅದಕ್ಕೆ ಯುಬಿಎಲ್‌ನಲ್ಲಿ ದಾಖಲೆ ಕಾಣುತ್ತಿಲ್ಲ.

ಸಂದೇಶ_ಪದರ:

ಹೌದು, ಆ ಹೆಸರಿನ ದಾಖಲೆ ಇಲ್ಲ. ಸರಕು ಹೋಗುವಾಗಲೂ ಮರಳಿ ಬರುವಾಗಲೂ ಡೆಸ್ಪ್ಯಾಚ್ ಅಡ್ವೈಸ್ (ಸರಕು ರವಾನೆಯ ಸೂಚನೆ) ಬಳಸಿ, ಮರಳುವಾಗ ಪ್ರತಿ ಸಾಲಿನಲ್ಲೂ ಮೂಲ ಚಲನ್ ನಂಬರ್ ಮತ್ತು ದಿನಾಂಕ ಕಡ್ಡಾಯ ಮಾಡಿ. ಜಿಎಸ್‌ಟಿ ಕಾಯ್ದೆಯ 143ನೇ ಕಲಮಿನ ಪ್ರಕಾರ ಕಚ್ಚಾವಸ್ತು ಒಂದು ವರ್ಷದೊಳಗೆ, ಬಂಡವಾಳ ಸರಕು ಮೂರು ವರ್ಷದೊಳಗೆ ಮರಳಬೇಕು. ಇಲ್ಲವಾದರೆ ಕಳಿಸಿದ ದಿನವೇ ಮಾರಾಟವಾಯಿತು ಅಂತ ತೆರಿಗೆ ಬೀಳುತ್ತದೆ. ಡೈ, ಜಿಗ್, ಫಿಕ್ಸ್ಚರ್‌ಗಳಿಗೆ ಆ ಗಡುವು ಇಲ್ಲ, ಹಾಗಾಗಿ ಸಾಲಿನಲ್ಲಿ ಸರಕಿನ ಬಗೆಗೆ ಒಂದು ಕೋಡ್ ಬೇಕು.

ಎಡವುವ ಜಾಗ ಏಕಮಾನ. ಹೋಗುವುದು 100 ಕೆಜಿ ರಾಡ್, ಬರುವುದು 400 ನಗ. ಜೊತೆಗೆ ಚೂರು, ಬೋರಿಂಗ್ ತ್ಯಾಜ್ಯ, ಅಷ್ಟಿಷ್ಟು ನಷ್ಟ. ಮರಳುವ ಸಾಲಿನಲ್ಲಿ ನಗದ ಸಂಖ್ಯೆಯ ಜೊತೆ ಅದು ನುಂಗಿದ ಮೂಲ ತೂಕ, ತ್ಯಾಜ್ಯದ ತೂಕ ಎರಡೂ ಬರಲಿ. ಜಾಬ್‌ವರ್ಕ್‌ಗೆ ಜಿಎಸ್‌ಟಿಯಲ್ಲಿ ಸಲ್ಲಿಸುವ ಐಟಿಸಿ-04 ನಮೂನೆಯಲ್ಲೂ ನಷ್ಟ ಮತ್ತು ತ್ಯಾಜ್ಯಕ್ಕೆ ಬೇರೆ ಕಾಲಮ್ ಇದೆ. ಯುಬಿಎಲ್‌ನಲ್ಲಿ ಇವಕ್ಕೆ ಜಾಗವಿಲ್ಲದಿದ್ದರೆ ಅದರ ಎಕ್ಸ್‌ಟೆನ್ಷನ್ ಭಾಗದಲ್ಲಿ ಹಾಕಿ, ಟಿಪ್ಪಣಿ ಫೀಲ್ಡ್‌ನಲ್ಲಿ ತುರುಕಬೇಡಿ.

ನೂರಕ್ಕೆ_ದರ:

ಪರೀಕ್ಷೆಯ ಬಗ್ಗೆ ಯಾರೂ ಹೇಳಲಿಲ್ಲ, ಅದನ್ನೂ ಚಾರ್ಟರ್‌ನಲ್ಲೇ ಬರೆಯಿರಿ. ಕಂಪನಿ ಲೆಕ್ಕದಲ್ಲಿ ಅಲ್ಲ, ಸಾಫ್ಟ್‌ವೇರ್ ಲೆಕ್ಕದಲ್ಲಿ ಪರೀಕ್ಷಿಸಿ. ನಾಲ್ಕು ಬೇರೆ ಇಆರ್‌ಪಿಗಳಿದ್ದರೆ ಕಳಿಸುವ ಮತ್ತು ಪಡೆಯುವ ಜೋಡಿ 12. ಓಯಸಿಸ್‌ನಲ್ಲಿ ಒಂದು ಸ್ಪೆಸಿಫಿಕೇಶನ್ ಓಯಸಿಸ್ ಮಾನಕದ ಹಂತಕ್ಕೆ ಏರಬೇಕಾದರೆ 'ಬಳಸಿದ್ದೇವೆ' ಎಂಬ ಕನಿಷ್ಠ ಮೂರು ಲಿಖಿತ ಹೇಳಿಕೆ ಬೇಕು. ನೀವೂ ಅದನ್ನೇ ಇಟ್ಟುಕೊಳ್ಳಿ.

ಫೈಲ್‌ನ ರಚನೆಯನ್ನು ಎಕ್ಸ್‌ಎಸ್‌ಡಿಯಿಂದ (ಎಕ್ಸ್‌ಎಂಎಲ್ ರಚನೆಯ ವಿವರಣೆ), 'ಮೊತ್ತ = ಪ್ರಮಾಣ × ದರ ÷ ಬೇಸ್ ಕ್ವಾಂಟಿಟಿ' ಥರದ ನಿಯಮಗಳನ್ನು ಸ್ಕೀಮಾಟ್ರಾನ್‌ನಿಂದ (ಎಕ್ಸ್‌ಎಂಎಲ್‌ಗೆ ನಿಯಮ ಬರೆಯುವ ಭಾಷೆ) ಪರೀಕ್ಷಿಸಿ. ಬೇಕೆಂದೇ ಕೆಟ್ಟ ಫೈಲ್‌ಗಳನ್ನೂ ಕಳಿಸಿ: ಒಂದೇ ಪಿಒ ಎರಡು ಸಲ, ಪಿಒಗಿಂತ ಮೊದಲೇ ಬಂದ ತಿದ್ದುಪಡಿ, ಕನ್ನಡದಲ್ಲಿರುವ ವಸ್ತುವಿನ ಹೆಸರು. ಪಾರ್ಟ್ ನಂಬರ್ 00450 ಮತ್ತು 12ಇ5 ಎರಡೂ ಇರಲೇಬೇಕು. ನಡುವೆ ಯಾರಾದರೂ ಎಕ್ಸೆಲ್‌ನಲ್ಲಿ ತೆರೆದು ಉಳಿಸಿದ್ದರೆ ಮೊದಲನೆಯದು 450 ಆಗಿರುತ್ತದೆ, ಎರಡನೆಯದು ಹನ್ನೆರಡು ಲಕ್ಷ.