ಅಪ್‌ಡೇಟ್: ಆಫೀಸಿನ ಶುಕ್ರವಾರದ ಸ್ಯಾಂಡ್‌ವಿಚ್‌ಗೆ ಅಂಕ ಕೊಡೋದು ಹೇಗೆ ಅಂತ ಕೇಳಿದ್ದೆನಲ್ಲ

ನ್ಯೂಜೆರ್ಸಿಯ ನಮ್ಮ ಆಫೀಸಿನಲ್ಲಿ ಪ್ರತಿ ಶುಕ್ರವಾರ ಒಂದೊಂದು ಡೆಲಿಯಿಂದ (ಸ್ಯಾಂಡ್‌ವಿಚ್ ಮಾರುವ ಅಂಗಡಿ) ಊಟ ತರಿಸುತ್ತೇವೆ. ಹತ್ತಕ್ಕೆ ಎಷ್ಟು ಅಂತ ಕೇಳಿದರೆ ಎಲ್ಲರೂ ಏಳು ಅಂತಾರೆ, ಏನು ಮಾಡಲಿ ಅಂತ ಕೇಳಿದ್ದೆ. ಬ್ರೆಡ್‌ಗೆ ಬೇರೆ, ಒಳಗಿನದಕ್ಕೆ ಬೇರೆ ಅಂಕ ಕೊಡಿ ಅಂದಿರಿ. ತುಂಬಾ ಥ್ಯಾಂಕ್ಸ್, ಈಗ ವ್ಯತ್ಯಾಸ ಚೆನ್ನಾಗಿ ಕಾಣುತ್ತಿದೆ.

ಮೊದಲ ವಾರ ರೂಬೆನ್, ಅಂದರೆ ರೈ ಅನ್ನೋ ಧಾನ್ಯದ ಬ್ರೆಡ್‌ನಲ್ಲಿ ಬೀಫ್, ಚೀಸ್ ಇಟ್ಟ ಬಿಸಿ ಸ್ಯಾಂಡ್‌ವಿಚ್. ನಾನು ಬೀಫ್ ತಿನ್ನುವುದಿಲ್ಲ, ಅದಕ್ಕೆ ಬೀಫ್ ಬದಲು ಟರ್ಕಿ ಕೋಳಿ ಹಾಕಿದ ರೇಚಲ್ ಅನ್ನೋ ಸ್ಯಾಂಡ್‌ವಿಚ್ ತರಿಸಿಕೊಂಡೆ. ಒಳಗಿನದರ ರುಚಿಗೆ 9. ಆದರೆ ಬಿಸಿ ಸ್ಯಾಂಡ್‌ವಿಚ್ ಅಲ್ವಾ, ಮುಚ್ಚಿದ ಡಬ್ಬದ ಹಬೆಗೆ ತಳದ ರೈ ಬ್ರೆಡ್ ಒದ್ದೆಯಾಗಿತ್ತು. ಎತ್ತಿದ ಕೂಡಲೇ ಹರಿದು, ಒಳಗಿನ ಡ್ರೆಸ್ಸಿಂಗ್ (ಸಾಸ್) ಮಣಿಕಟ್ಟಿನವರೆಗೂ ಇಳಿಯಿತು. ಬ್ರೆಡ್‌ಗೆ 4.

ಗೆದ್ದಿದ್ದು ಸ್ಲಾಪಿ ಜೋ. ಬನ್ನಿನೊಳಗೆ ಕೈಮಾ ಹಾಕುತ್ತಾರಲ್ಲ, ಅದಲ್ಲ. ಉತ್ತರ ಜೆರ್ಸಿಯದ್ದೇ ಬೇರೆ: ತೆಳ್ಳಗಿನ ಮೂರು ರೈ ಬ್ರೆಡ್, ನಡುವೆ ಮಾಂಸ, ಸ್ವಿಸ್ ಚೀಸ್, ಕೋಲ್‌ಸ್ಲಾ (ಸಣ್ಣಗೆ ಹೆಚ್ಚಿದ ಎಲೆಕೋಸಿನ ಸಲಾಡ್), ರಷ್ಯನ್ ಡ್ರೆಸ್ಸಿಂಗ್. ತಣ್ಣಗೇ ತಿನ್ನುವುದರಿಂದ ಹಬೆಯ ಕಾಟವಿಲ್ಲ. ಕೋಲ್‌ಸ್ಲಾ ಕಡೆಯ ತುತ್ತಿನವರೆಗೂ ಕರುಂಕರುಂ ಅಂತಿತ್ತು. ಎರಡಕ್ಕೂ 9 ಕೊಟ್ಟೆ.

ಬಿಸಿಯದ್ದು ತರಿಸುವಾಗ ಬ್ರೆಡ್ ಬೇರೆ ಕಟ್ಟಿಕೊಡಿ ಅಂತ ಮುಂದಿನ ವಾರ ಕೇಳುತ್ತೇವೆ. ರೇಚಲ್‌ಗೆ ಇನ್ನೊಂದು ಅವಕಾಶ ಕೊಡಲೇಬೇಕು.